ಹಾಸ್ಟೆಲಿಗೆ ಹೊರಡುವ ಮುನ್ನ

ಪ್ರತಿ ವರ್ಷ ಜೂನ್, ಜುಲೈ ತಿಂಗಳಲ್ಲಿ ಪಿಯುಸಿ ಮುಗಿಸಿದ ಮಕ್ಕಳು ತಂದೆ ತಾಯಿಯರೊಡನೆ ನಮ್ಮ ಟ್ರಸ್ಟಿನ ಕಚೇರಿಗೆ ಬರುತ್ತಾರೆ. ಊರು ಬಿಟ್ಟು ಕಾಲೇಜು ಸೇರುತ್ತಿದ್ದೇವೆ, ಹಾಸ್ಟೆಲಿಗೆ ಏನೇನು ಕೊಳ್ಳಬೇಕು ಎಂದು ಕೇಳುತ್ತಾರೆ. ಕೆಲವರು ಸಾಲ ಮಾಡಿ ದೊಡ್ಡ ಸೂಟ್‌ಕೇಸ್ ಕೊಂಡೇ ಬಂದಿರುತ್ತಾರೆ. ಕೊಳ್ಳಬೇಕಾದ ಸಾಮಾನು ಕಡಿಮೆ, ಸರಿಪಡಿಸಿಕೊಳ್ಳಬೇಕಾದ ಕಾಗದ ಹೆಚ್ಚು. ಅದನ್ನು ಬರೆದುಕೊಡಿ ಎಂದು ಟ್ರಸ್ಟಿನ ಹಿರಿಯರು ಹೇಳಿದ್ದರಿಂದ ಈ ನಾಲ್ಕು ಮಾತು.

ಮೊದಲು ಹೆಸರಿನ ವಿಷಯ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ‘ಮಹಮ್ಮದ್ ಇರ್ಫಾನ್’, ಆಧಾರ್‌ನಲ್ಲಿ ‘ಎಂಡಿ ಇರ್ಫಾನ್’, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ‘ಇರ್ಫಾನ್ ಎಂ’. ಹೆಣ್ಣುಮಕ್ಕಳ ಹೆಸರಿನ ಬಾನು, ಬೇಗಂ ಒಂದು ಕಾಗದದಲ್ಲಿದ್ದರೆ ಇನ್ನೊಂದರಲ್ಲಿ ಇರುವುದಿಲ್ಲ. ಮನೆಯವರಿಗೆ ಒಬ್ಬನೇ ಮಗ, ಕಂಪ್ಯೂಟರಿಗೆ ಮೂವರು. ಹಾಸ್ಟೆಲ್ ಅರ್ಜಿ, ವಿದ್ಯಾರ್ಥಿವೇತನದ ಅರ್ಜಿ ಎರಡೂ ಇಲ್ಲಿಯೇ ನಿಂತುಬಿಡುತ್ತವೆ.

ಇದರಲ್ಲಿ ನನ್ನಂಥ ಶಿಕ್ಷಕರ ಪಾಲೂ ಇದೆ. ಪ್ರಾಥಮಿಕ ಶಾಲೆಯ ವರ್ಗಾವಣೆ ಪತ್ರದಲ್ಲಿ ಇದ್ದ ಹೆಸರನ್ನು ಹಾಗೆಯೇ ಹತ್ತನೇ ತರಗತಿಯ ನಾಮಿನಲ್ ರೋಲಿಗೆ ಇಳಿಸಿದವರು ನಾವೇ. ಪೋಷಕರನ್ನು ಕರೆದು ಆಧಾರ್ ಜೊತೆ ತಾಳೆ ನೋಡಿದ್ದರೆ ಹತ್ತು ನಿಮಿಷದ ಕೆಲಸ. ನಾನು ಹಾಗೆ ನೋಡದೆ ಬಿಟ್ಟ ಒಬ್ಬ ಹುಡುಗಿ ಹೆಸರು ತಿದ್ದಿಸಲು ಓಡಾಡುವಷ್ಟರಲ್ಲಿ ಹಾಸ್ಟೆಲ್ ಅರ್ಜಿಯ ಕೊನೆಯ ದಿನ ದಾಟಿತ್ತು. ದಿನಾ ಬಸ್ಸಿನಲ್ಲಿ ಹೋಗಿಬರುತ್ತೇನೆ ಎಂದು ಸೇರಿದಳು. ಡಿಸೆಂಬರ್ ಹೊತ್ತಿಗೆ ಕಾಲೇಜು ಬಿಟ್ಟಳು. ಅವಳ ತಂದೆ ಇವತ್ತಿಗೂ ದಾರಿಯಲ್ಲಿ ಸಿಕ್ಕರೆ ಸಲಾಂ ಹೇಳುತ್ತಾರೆ, ನನಗೇ ತಲೆ ಎತ್ತಲು ಆಗುವುದಿಲ್ಲ.

ಆದ್ದರಿಂದ ಅಂಕಪಟ್ಟಿಯ ಹೆಸರನ್ನೇ ಆಧಾರವಾಗಿ ಇಟ್ಟುಕೊಂಡು ಆಧಾರ್ ಕಾರ್ಡನ್ನು ಅದಕ್ಕೆ ಸರಿಹೊಂದಿಸಿ, ಆಮೇಲೆ ಬ್ಯಾಂಕಿಗೆ ಹೋಗಿ. ಆಧಾರ್‌ನಲ್ಲಿ ಹೆಸರು ತಿದ್ದಲು ಎರಡೇ ಸಲ ಅವಕಾಶ. ಅವಸರದಲ್ಲಿ ಒಂದನ್ನು ಹಾಳು ಮಾಡಿಕೊಳ್ಳಬೇಡಿ. ಅಂಕಪಟ್ಟಿಯಲ್ಲೇ ತಪ್ಪಿದ್ದರೆ ಓದಿದ ಶಾಲೆಯ ಮುಖ್ಯೋಪಾಧ್ಯಾಯರ ಮೂಲಕ ಅರ್ಜಿ ಹೋಗಬೇಕು, ಅದಕ್ಕೆ ಸಮಯ ಹಿಡಿಯುತ್ತದೆ. ನಾಡಕಚೇರಿಯ ಜಾತಿ ಮತ್ತು ಆದಾಯ ಪ್ರಮಾಣ ಪತ್ರದ ಅವಧಿ 5 ವರ್ಷ. ಹೈಸ್ಕೂಲಿನಲ್ಲಿ ಮಾಡಿಸಿದ್ದು ಈಗ ಮುಗಿದಿರಬಹುದು, ತೆಗೆದು ದಿನಾಂಕ ನೋಡಿ. ಅದರ ಮೇಲಿನ ಆರ್‌ಡಿ ಸಂಖ್ಯೆಯನ್ನು ಅರ್ಜಿಗಳಲ್ಲಿ ಕೇಳುತ್ತಾರೆ. ಮೂಲ ವರ್ಗಾವಣೆ ಪತ್ರವನ್ನು ಕಾಲೇಜು ತೆಗೆದುಕೊಳ್ಳುತ್ತದೆ. ಕೊಡುವ ಮೊದಲು ಮೂರು ನಾಲ್ಕು ಜೆರಾಕ್ಸ್ ಇಟ್ಟುಕೊಳ್ಳಿ.

ಇನ್ನು ಹಣ. ಸರ್ಕಾರದ ಮೆಟ್ರಿಕ್ ನಂತರದ ಹಾಸ್ಟೆಲ್‌ಗಳಲ್ಲಿ ಊಟ, ವಸತಿ ಉಚಿತ. ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯ ಹಾಸ್ಟೆಲಿಗೆ ಆನ್‌ಲೈನಿನಲ್ಲಿ ಅರ್ಜಿ ಹಾಕಬೇಕು. ಸೀಟು ಸಿಗದ ಅರ್ಹರಿಗೆ ವಿದ್ಯಾಸಿರಿ ಯೋಜನೆಯಲ್ಲಿ 10 ತಿಂಗಳು ನೆರವು ಇದೆ. ಕಾಲೇಜಿನದೇ ಹಾಸ್ಟೆಲ್ ಆದರೆ ಮುಂಗಡ, ಮೆಸ್ ಠೇವಣಿ ಸೇರುವ ದಿನವೇ ಕಟ್ಟಬೇಕಾಗುತ್ತದೆ. ವಿದ್ಯಾರ್ಥಿವೇತನ ಬರುವುದು ತಿಂಗಳುಗಳ ನಂತರ, ಅದೂ ಆಧಾರ್ ಜೋಡಣೆಯಾದ ಖಾತೆಗೆ ಮಾತ್ರ. ಅದನ್ನು ನಂಬಿ ಮೊದಲ ಕಂತಿಗೆ ಮಾತು ಕೊಡಬೇಡಿ. ಸೂಟ್‌ಕೇಸಿನ ದುಡ್ಡನ್ನು ಇದಕ್ಕೆ ಉಳಿಸಿ. ಹಳೆಯ ಟ್ರಂಕು, ಗಟ್ಟಿ ಬೀಗ, ಎರಡು ಚಾದರ, ಬಕೆಟ್ಟು, ತಟ್ಟೆ ಲೋಟ ಇದ್ದರೆ ಮೊದಲ ತಿಂಗಳು ಕಳೆಯುತ್ತದೆ.

ಗಂಡುಮಕ್ಕಳ ತಾಯಂದಿರಿಗೆ ಒಂದು ಮಾತು: ಹೊರಡಲು ಒಂದು ತಿಂಗಳಿರುವಾಗಲೇ ಬಟ್ಟೆ ಒಗೆಯಲು ಬಿಡಿ. ಹೆಣ್ಣುಮಕ್ಕಳ ತಂದೆಯರಿಗೆ: ಒಬ್ಬಳೇ ಬ್ಯಾಂಕಿಗೆ ಹೋಗಿ ಚಲನ್ ತುಂಬಿ ಬರಲಿ, ನೀವು ಹೊರಗೇ ನಿಲ್ಲಿ. ಹಾಸ್ಟೆಲಿಗೆ ಹೋದ ಮೇಲೆ ದಿನಕ್ಕೆ ಹತ್ತು ಸಲ ಫೋನ್ ಮಾಡಬೇಡಿ, ರಾತ್ರಿ ಒಂದು ಸಲ ಸಾಕು. ಮೊದಲ ಮೂರು ವಾರ ಅಳು ಬರುವುದು ಸಹಜ. ಆ ದಿನಗಳಲ್ಲಿ ಊರಿಗೆ ಕರೆಸಿಕೊಂಡರೆ ಮತ್ತೆ ಕಳಿಸುವುದು ಕಷ್ಟ.

ಅಳು ಬೇರೆ, ಹೆದರಿಕೆ ಬೇರೆ. ಹಿರಿಯ ವಿದ್ಯಾರ್ಥಿಗಳು ಕಾಡಿದರೆ ಸಹಿಸಿಕೊ ಎನ್ನಬೇಡಿ. ಯುಜಿಸಿಯ 2009ರ ನಿಯಮದಂತೆ ರ್‍ಯಾಗಿಂಗ್ ಮಾಡಿದವರನ್ನು ಕಾಲೇಜಿನಿಂದಲೇ ಹೊರಹಾಕಬಹುದು. ಸಹಾಯವಾಣಿ 1800-180-5522 ಸಂಖ್ಯೆಯನ್ನು ಪುಸ್ತಕದ ಮೊದಲ ಪುಟದಲ್ಲಿ ಬರೆದುಕೊಳ್ಳಲಿ.

ರಂಜಾನ್ ಈಗ ತರಗತಿ ನಡೆಯುವ ತಿಂಗಳಲ್ಲೇ ಬರುತ್ತಿದೆ. ಸಹರಿಯ ವ್ಯವಸ್ಥೆ ಏನು ಎಂದು ವಾರ್ಡನ್ನರನ್ನು ಸೇರುವ ದಿನವೇ ವಿನಯದಿಂದ ಕೇಳಿ. ಇಲ್ಲವೆಂದರೆ ಖರ್ಜೂರ, ಅವಲಕ್ಕಿ, ಫ್ಲಾಸ್ಕು ಇಟ್ಟುಕೊಂಡರೆ ನಡೆಯುತ್ತದೆ. ಜೊತೆಗಾರರ ನಿದ್ದೆ ಕೆಡದಂತೆ ಫೋನಿನ ಅಲಾರಂ ದಿಂಬಿನ ಕೆಳಗಿರಲಿ.

ಈ ವರ್ಷ ಟ್ರಸ್ಟಿನ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವವರು ಅಂಕಪಟ್ಟಿ, ಆಧಾರ್, ಪಾಸ್‌ಬುಕ್ ಮೂರರ ಮೂಲವನ್ನೂ ತನ್ನಿ. ಅರ್ಜಿಗಳ ಸಮಯ ಮುಗಿಯುವವರೆಗೆ ನಾನು ಕಚೇರಿಯಲ್ಲಿ ಕನ್ನಡಕ ಹಾಕಿಕೊಂಡು ಕೂತಿರುತ್ತೇನೆ. ಅಕ್ಷರ ಅಕ್ಷರ ತಾಳೆ ನೋಡಿಕೊಡುತ್ತೇನೆ.