ಖಾಲಿ ತೋಟಾದ ಲೆಕ್ಕಾಚಾರ: ಹಿತ್ತಾಳೆ ಕೇಸ್‌ಗಳ ಮರುಬಳಕೆ ಮತ್ತು ತಿರಸ್ಕಾರದ ಬೆಲೆ

ಒಮ್ಮೆ ಬಳಸಿದ ವಸ್ತುವನ್ನು ಮತ್ತೆ ಬಳಕೆಗೆ ತರುವುದು ವ್ಯಾಪಾರೋದ್ಯಮದಲ್ಲಿ ಹೊಸ ಸಂಗತಿಯೇನಲ್ಲ. ಪಾನೀಯದ ಗಾಜಿನ ಬಾಟಲಿ, ಅನಿಲದ ಸಿಲಿಂಡರ್, ಎಣ್ಣೆಯ ಡ್ರಮ್ಮು ಇವೆಲ್ಲವೂ ಹೋಗಿ ಬರುವ ಸರಕುಗಳೇ. ಇಂತಹ ಸರಕಿನಲ್ಲಿ ಲಾಭವು ಎಷ್ಟು ಬಾರಿ ಬಳಸಲಾಯಿತು ಎಂಬುದರಲ್ಲಿದೆ ಎಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ವಾಸ್ತವದಲ್ಲಿ ಅದು ಯಾವುದನ್ನು, ಯಾವಾಗ ಬಳಕೆಯಿಂದ ತೆಗೆದುಹಾಕಲಾಯಿತು ಎಂಬುದನ್ನು ಅವಲಂಬಿಸಿದೆ. ಈ ತತ್ತ್ವವನ್ನು ಅತ್ಯಂತ ಸ್ಪಷ್ಟವಾಗಿ ತೋರಿಸಿಕೊಡುವ ಒಂದು ಸಣ್ಣ ವಸ್ತುವೆಂದರೆ ರೈಫಲ್ ತೋಟಾದ ಖಾಲಿ ಹಿತ್ತಾಳೆ ಕೇಸ್.

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಗುರಿಕಾರರು ಮತ್ತು ಬೇಟೆಗಾರರು ಸಿಡಿದ ತೋಟಾಗಳ ಕೇಸ್‌ಗಳನ್ನು ಸಂಗ್ರಹಿಸಿ, ಸಿದ್ಧಪಡಿಸಿ, ಮರಳಿ ತುಂಬುವ ಪದ್ಧತಿ ಬಹುಕಾಲದಿಂದ ಇದೆ. ಇದಕ್ಕೆ ಬೇಕಾದ ಉಪಕರಣಗಳನ್ನು ತಯಾರಿಸುವ ಸಣ್ಣ ಕಾರ್ಖಾನೆಗಳೇ ಅಲ್ಲಿ ಒಂದು ಪ್ರತ್ಯೇಕ ಉದ್ಯಮವಾಗಿ ಬೆಳೆದಿವೆ. ಕನೆಕ್ಟಿಕಟ್ ರಾಜ್ಯದ ಐಡಿಯಲ್ ಕಂಪನಿ 1884ರಲ್ಲಿಯೂ, ಕ್ಯಾಲಿಫೋರ್ನಿಯಾದ ಆರ್‌ಸಿಬಿಎಸ್ 1943ರಲ್ಲಿಯೂ ಆರಂಭವಾದವು. ನಮ್ಮ ದೇಶದಲ್ಲಿ ಪರವಾನಗಿ ಇಲ್ಲದೆ ತೋಟಾ ತಯಾರಿಸುವುದು ಅಪರಾಧ. ಆದುದರಿಂದ ಈ ಲೇಖನದ ಉದ್ದೇಶ ಆ ಕೆಲಸವನ್ನು ಕಲಿಸುವುದಲ್ಲ. ಅದರ ಹಿಂದಿರುವ ತಪಾಸಣೆಯ ಶಿಸ್ತು, ವೆಚ್ಚದ ಲೆಕ್ಕ ಹಾಗೂ ಹಿತ್ತಾಳೆ ಗುಜರಿ ವ್ಯವಹಾರಕ್ಕೆ ಅದಕ್ಕಿರುವ ಸಂಬಂಧವನ್ನು ವಿವರಿಸುವುದಷ್ಟೇ ಇಲ್ಲಿನ ಉದ್ದೇಶ.

ಕೇಸ್‌ನ ಸ್ವರೂಪ

ಒಂದು ತೋಟಾದಲ್ಲಿ ನಾಲ್ಕು ಭಾಗಗಳಿವೆ: ಗುಂಡು, ಮದ್ದು, ಕಿಡಿ ಹೊತ್ತಿಸುವ ಪ್ರೈಮರ್ ಮತ್ತು ಇವೆಲ್ಲವನ್ನೂ ಹಿಡಿದಿಡುವ ಕೇಸ್. ಮೊದಲ ಮೂರು ಒಂದೇ ಬಳಕೆಗೆ ಮುಗಿದುಹೋಗುತ್ತವೆ. ಉಳಿಯುವುದು ಕೇಸ್ ಮಾತ್ರ. ಲೆಕ್ಕಪತ್ರದ ಭಾಷೆಯಲ್ಲಿ ಹೇಳುವುದಾದರೆ ಮೊದಲ ಮೂರು ಬಳಕೆಯ ಸಾಮಗ್ರಿಗಳು. ಕೇಸ್ ಸವಕಳಿಗೆ ಒಳಪಡುವ ಆಸ್ತಿ.

ಕೇಸ್‌ಗೆ ಬಳಸುವ ಹಿತ್ತಾಳೆಯಲ್ಲಿ ಶೇಕಡ 70 ತಾಮ್ರ, ಶೇಕಡ 30 ಸತುವು ಇರುತ್ತದೆ. ತೋಟಾ ಸಿಡಿದಾಗ ಕೇಸ್ ಹಿಗ್ಗಿ ನಳಿಗೆಯ ಗೋಡೆಗೆ ಒತ್ತಿಕೊಂಡು ಅನಿಲ ಹಿಂದಕ್ಕೆ ಸೋರದಂತೆ ತಡೆಯುತ್ತದೆ. ಒತ್ತಡ ಇಳಿದೊಡನೆ ತುಸು ಕುಗ್ಗಿ ಸುಲಭವಾಗಿ ಹೊರಬರುತ್ತದೆ. ಪ್ರಸಿದ್ಧವಾದ .30-06 ತೋಟಾಕ್ಕೆ ಅಮೆರಿಕದ ತಯಾರಕರ ಮಾನಕ ಸಂಸ್ಥೆ ನಿಗದಿಪಡಿಸಿದ ಗರಿಷ್ಠ ಒತ್ತಡ ಚದರ ಅಂಗುಲಕ್ಕೆ 60,000 ಪೌಂಡ್. ಇಷ್ಟು ಒತ್ತಡವನ್ನು ತಾಳಿ ಹಿಗ್ಗಿ ಕುಗ್ಗುವ ಲೋಹ ಪ್ರತಿಬಾರಿಯೂ ಸ್ವಲ್ಪ ಗಡುಸಾಗುತ್ತದೆ, ಸ್ವಲ್ಪ ಉದ್ದವಾಗುತ್ತದೆ, ಬುಡದ ಸಮೀಪ ಸ್ವಲ್ಪ ತೆಳುವಾಗುತ್ತದೆ. ಸಿದ್ಧತೆಯ ಎಲ್ಲ ಹಂತಗಳೂ ಈ ಮೂರು ಬದಲಾವಣೆಗಳನ್ನು ಅಳೆದು ಹತೋಟಿಯಲ್ಲಿಡುವ ಪ್ರಯತ್ನಗಳೇ ಆಗಿವೆ.

ಸಿದ್ಧತೆಯ ಹಂತಗಳು

1. ವಿಂಗಡಣೆ ಮತ್ತು ಮೊದಲ ತಪಾಸಣೆ: ಬುಡದ ಮೇಲೆ ಒತ್ತಿರುವ ತಯಾರಕರ ಗುರುತು ಹಾಗೂ ಈವರೆಗಿನ ಬಳಕೆಯ ಸಂಖ್ಯೆಗೆ ಅನುಗುಣವಾಗಿ ಕೇಸ್‌ಗಳನ್ನು ಬೇರ್ಪಡಿಸಲಾಗುತ್ತದೆ. ಬಾಯಿ ಸೀಳಿರುವ, ಆಳವಾಗಿ ನಗ್ಗಿರುವ, ಪ್ರೈಮರ್ ಗುಳಿ ಸಡಿಲವಾಗಿರುವ ಕೇಸ್‌ಗಳನ್ನು ಇಲ್ಲಿಯೇ ತೆಗೆದುಹಾಕಲಾಗುತ್ತದೆ. ಬುಡದಿಂದ ತುಸು ಮೇಲೆ ಹೊಳೆಯುವ ಉಂಗುರದಂತಹ ಗೆರೆ ಕಂಡರೆ ಅದು ಅಪಾಯದ ಸೂಚನೆ. ಅಲ್ಲಿ ಒಳಗೋಡೆ ತೆಳುವಾಗಿದ್ದು, ಮುಂದಿನ ಬಳಕೆಯಲ್ಲಿ ಕೇಸ್ ಎರಡು ತುಂಡಾಗುವ ಸಂಭವವಿದೆ. ತುದಿ ಬಗ್ಗಿಸಿದ ತೆಳು ತಂತಿಯನ್ನು ಒಳಗೋಡೆಯ ಮೇಲೆ ಎಳೆದು ನೋಡಿದರೆ ಅಲ್ಲಿರುವ ತಗ್ಗು ಕೈಗೆ ತಿಳಿಯುತ್ತದೆ. ದುಬಾರಿ ಯಂತ್ರ ಪತ್ತೆಹಚ್ಚಬಹುದಾದ ದೋಷವನ್ನು ಕೆಲವೊಮ್ಮೆ ಒಂದು ತಂತಿಯ ತುಣುಕೂ ಪತ್ತೆಹಚ್ಚುತ್ತದೆ ಎಂಬುದು ಸಣ್ಣ ಕೈಗಾರಿಕೆಗಳವರು ಗಮನಿಸತಕ್ಕ ಅಂಶ.

2. ಶುಚಿಗೊಳಿಸುವಿಕೆ: ಮೆಕ್ಕೆಜೋಳದ ಬೆಂಡಿನ ತರಿ ಅಥವಾ ಅಕ್ರೋಟಿನ ಚಿಪ್ಪಿನ ತರಿಯೊಂದಿಗೆ ಕೇಸ್‌ಗಳನ್ನು ಕಂಪಿಸುವ ಪಾತ್ರೆಯಲ್ಲಿ ಹೊರಳಿಸಲಾಗುತ್ತದೆ. ಹೊಳಪು ಇಲ್ಲಿ ಮುಖ್ಯವಲ್ಲ. ಅಂಟಿದ ಮರಳು ಮುಂದಿನ ಹಂತದಲ್ಲಿ ಡೈಯನ್ನು ಗೀರದಂತೆ ನೋಡಿಕೊಳ್ಳುವುದು ಮತ್ತು ಬಿರುಕು ಕಣ್ಣಿಗೆ ಕಾಣುವಂತೆ ಮಾಡುವುದು ಉದ್ದೇಶ. ಸಾಂಪ್ರದಾಯಿಕ ಪ್ರೈಮರ್‌ಗಳ ಶೇಷದಲ್ಲಿ ಸೀಸವಿರುವುದರಿಂದ ಈ ತರಿಯ ಧೂಳು ಉಸಿರಿಗೆ ಹೋಗದಂತೆ ಎಚ್ಚರ ವಹಿಸಬೇಕಾಗುತ್ತದೆ.

3. ಅಳತೆಗೆ ತರುವುದು: ಎಣ್ಣೆ ಸವರಿದ ಕೇಸನ್ನು ಪ್ರೆಸ್‌ನ ಮೂಲಕ ಡೈಯೊಳಗೆ ಒತ್ತಿ ಮೂಲ ಗಾತ್ರಕ್ಕೆ ತರಲಾಗುತ್ತದೆ. ಅದೇ ಒತ್ತಿನಲ್ಲಿ ಹಳೆಯ ಪ್ರೈಮರನ್ನೂ ಹೊರದೂಡಲಾಗುತ್ತದೆ. ಎಣ್ಣೆ ಕಡಿಮೆಯಾದರೆ ಕೇಸ್ ಡೈಯಲ್ಲಿ ಸಿಕ್ಕಿಕೊಳ್ಳುತ್ತದೆ. ಹೆಚ್ಚಾದರೆ ಭುಜದ ಭಾಗ ನಗ್ಗುತ್ತದೆ. ಪ್ರೈಮರ್‌ಗಳಲ್ಲಿ ಎರಡು ಬಗೆ. ಇಂಗ್ಲೆಂಡಿನ ಬಾಕ್ಸರ್ ರೂಪಿಸಿದ ವ್ಯವಸ್ಥೆಯಲ್ಲಿ ಗುಳಿಯ ನಡುವೆ ಒಂದೇ ರಂಧ್ರವಿದ್ದು, ಡೈಯ ಸೂಜಿ ಸುಲಭವಾಗಿ ಪ್ರೈಮರನ್ನು ದೂಡಬಲ್ಲದು. ಅಮೆರಿಕದ ಬರ್ಡನ್ ರೂಪಿಸಿದ ವ್ಯವಸ್ಥೆಯಲ್ಲಿ ಸಾಮಾನ್ಯವಾಗಿ ಎರಡು ರಂಧ್ರಗಳಿದ್ದು, ಅವು ನಡುವೆ ಇರುವುದಿಲ್ಲವಾದುದರಿಂದ ಈ ವಿಧಾನ ಅಲ್ಲಿ ನಡೆಯದು. ಇಂಗ್ಲೆಂಡಿನವನ ವಿನ್ಯಾಸ ಅಮೆರಿಕದಲ್ಲಿಯೂ, ಅಮೆರಿಕದವನ ವಿನ್ಯಾಸ ಯೂರೋಪಿನಲ್ಲಿಯೂ ನೆಲೆಯೂರಿದ್ದು ಇತಿಹಾಸದ ಒಂದು ವಿನೋದ. ಅಮೆರಿಕದಲ್ಲಿ ಮರುಬಳಕೆ ಮನೆಮಾತಾಗಲು ಈ ಒಂದು ನಡುರಂಧ್ರದ ಕೊಡುಗೆ ಸಣ್ಣದಲ್ಲ. ಮರುಬಳಕೆ ಸಾಧ್ಯವೇ ಎಂಬುದು ವಸ್ತುವಿನ ವಿನ್ಯಾಸದ ಹಂತದಲ್ಲಿಯೇ ಬಹುಮಟ್ಟಿಗೆ ತೀರ್ಮಾನವಾಗಿರುತ್ತದೆ ಎಂಬುದಕ್ಕೆ ಇದು ನಿದರ್ಶನ.

4. ಉದ್ದದ ಪರೀಕ್ಷೆ: ಡೈಯಿಂದ ಹೊರಬಂದ ಕೇಸನ್ನು ವರ್ನಿಯರ್‌ನಿಂದ ಅಳೆಯಲಾಗುತ್ತದೆ. .308 ವಿಂಚೆಸ್ಟರ್ ಕೇಸ್‌ನ ಗರಿಷ್ಠ ಉದ್ದ 2.015 ಅಂಗುಲ; ಕತ್ತರಿಸಿ ಇಳಿಸಬೇಕಾದ ಉದ್ದ 2.005 ಅಂಗುಲ. ಅಂತರ ಅಂಗುಲದ ನೂರನೆಯ ಒಂದು ಭಾಗ ಮಾತ್ರ. ಮಿತಿಮೀರಿ ಉದ್ದವಾದ ಕೇಸ್‌ನ ಬಾಯಿ ನಳಿಗೆಯೊಳಗೆ ಒತ್ತಿಕೊಂಡು ಗುಂಡನ್ನು ಬಿಗಿಹಿಡಿಯುತ್ತದೆ. ಆಗ ಒತ್ತಡ ಅಪಾಯದ ಮಟ್ಟಕ್ಕೇರಬಹುದು. ಕತ್ತರಿಸಿದ ಅಂಚಿನ ಬರ್ ಅನ್ನು ಒಳಗೂ ಹೊರಗೂ ತೆಗೆದು ನಯಗೊಳಿಸಲಾಗುತ್ತದೆ.

5. ಕುತ್ತಿಗೆಯ ಅನೀಲಿಂಗ್: ಹಲವು ಬಳಕೆಗಳ ಬಳಿಕ ಗಡುಸಾದ ಕುತ್ತಿಗೆ ಸೀಳುವುದನ್ನು ತಪ್ಪಿಸಲು ಅಷ್ಟು ಭಾಗವನ್ನು ಮಾತ್ರ ಕಾಯಿಸಿ ಮೆದುಗೊಳಿಸಲಾಗುತ್ತದೆ. ಬುಡಕ್ಕೆ ಶಾಖ ತಲುಪಕೂಡದು. ಕುತ್ತಿಗೆ ಮೆದುವಾಗಿರಬೇಕು, ಬುಡ ಗಡುಸಾಗಿರಬೇಕು. ಬುಡ ಮೆದುವಾದ ಕೇಸ್ ನೋಡಲು ಚೆನ್ನಾಗಿದ್ದರೂ ಉಪಯೋಗಕ್ಕೆ ಬಾರದು. ಬಳಸಿದರೆ ಅಪಾಯ ಖಚಿತ.

6. ಕೊನೆಯ ತಪಾಸಣೆ ಮತ್ತು ದಾಖಲೆ: ಪ್ರೈಮರ್ ಗುಳಿಯನ್ನು ಶುಚಿಗೊಳಿಸಿ, ಎಣ್ಣೆಯನ್ನು ಪೂರ್ಣವಾಗಿ ತೆಗೆದು, ಮತ್ತೊಮ್ಮೆ ಪರಿಶೀಲಿಸಿ, ಪೆಟ್ಟಿಗೆಯ ಮೇಲೆ ಎಷ್ಟನೆಯ ಬಳಕೆ ಎಂದು ಬರೆದಿಡಲಾಗುತ್ತದೆ. ಕಾರ್ಖಾನೆಯ ಬ್ಯಾಚ್ ಕಾರ್ಡಿಗೂ ಇದಕ್ಕೂ ವ್ಯತ್ಯಾಸವಿಲ್ಲ. ದಾಖಲೆಯಿಲ್ಲದ ಕೇಸ್‌ನ ವಯಸ್ಸು ಯಾರಿಗೂ ತಿಳಿಯದು.

ಮುಂಗಾರಿನ ಪಾಠ

ಹಿತ್ತಾಳೆ ಸರಕು ತಯಾರಿಸುವವರೆಲ್ಲರೂ ತಿಳಿದಿರಬೇಕಾದ ಒಂದು ವಿದ್ಯಮಾನ ಭಾರತದ ನೆಲದಲ್ಲಿಯೇ ಪ್ರಸಿದ್ಧಿಗೆ ಬಂದಿತು. ಬ್ರಿಟಿಷರ ಆಡಳಿತ ಕಾಲದಲ್ಲಿ ಸೈನ್ಯದ ತೋಟಾಗಳನ್ನು ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿ ದಾಸ್ತಾನು ಮಾಡುತ್ತಿದ್ದರು. ಮಳೆ ಮುಗಿದ ಬಳಿಕ ತೆಗೆದು ನೋಡಿದರೆ, ಒಮ್ಮೆಯೂ ಬಳಸದ ಕೇಸ್‌ಗಳು ಬಿರುಕು ಬಿಟ್ಟಿರುತ್ತಿದ್ದವು. ಋತುಮಾನಕ್ಕೆ ಸಂಬಂಧಿಸಿ ಕಂಡುಬಂದುದರಿಂದ ಇದಕ್ಕೆ ‘ಸೀಸನ್ ಕ್ರ್ಯಾಕಿಂಗ್’ ಎಂಬ ಹೆಸರು ಬಂದಿತು. 1921ರಲ್ಲಿ ಮೂರ್, ಬೆಕಿನ್‌ಸೇಲ್ ಮತ್ತು ಮ್ಯಾಲಿನ್ಸನ್ ಎಂಬ ಮೂವರು ಸಂಶೋಧಕರು ಇದರ ಕಾರಣವನ್ನು ವಿವರಿಸಿದರು. ಕುದುರೆಯ ಮೂತ್ರದಿಂದ ಹೊರಡುವ ಅಮೋನಿಯಾ, ಗಾಳಿಯ ತೇವ ಮತ್ತು ತಯಾರಿಕೆಯ ವೇಳೆ ಲೋಹದಲ್ಲಿ ಉಳಿದುಕೊಂಡ ಒತ್ತಡ ಈ ಮೂರೂ ಸೇರಿದಾಗ ಹಿತ್ತಾಳೆ ಬಿರಿಯುತ್ತದೆ. ಅಮೋನಿಯಾದಿಂದ ದೂರವಿಡುವುದು ಹಾಗೂ ಕಡಿಮೆ ಶಾಖದಲ್ಲಿ ಕಾಯಿಸಿ ಆ ಒತ್ತಡವನ್ನು ಇಳಿಸುವುದು ಇದಕ್ಕೆ ಪರಿಹಾರ. ಈ ಕಾರಣದಿಂದಲೇ ಅಮೋನಿಯಾ ಇರುವ ಹಿತ್ತಾಳೆ ಪಾಲಿಶ್‌ಗಳನ್ನು ಕೇಸ್‌ಗಳಿಗೆ ಹಾಕಬಾರದೆಂಬ ನಿಯಮ ಬಂದಿದೆ. ಒತ್ತಿ ಎಳೆದು ರೂಪಿಸಿದ ಹಿತ್ತಾಳೆ ಪಾತ್ರೆ, ನಲ್ಲಿ, ಬಿಡಿಭಾಗಗಳನ್ನು ಗೊಬ್ಬರದ ಗೋದಾಮಿನಲ್ಲಿಯೋ ದನದ ಕೊಟ್ಟಿಗೆಯ ಪಕ್ಕದಲ್ಲಿಯೋ ದಾಸ್ತಾನು ಮಾಡುವವರಿಗೂ ಈ ಪಾಠ ಅನ್ವಯಿಸುತ್ತದೆ.

ತಿರಸ್ಕಾರದ ಬೆಲೆ

ಈಗ ಲೆಕ್ಕದ ವಿಷಯ. ಕೆಳಗಿನ ಅಂಕಿಗಳು ಉದಾಹರಣೆಗಾಗಿ ಊಹಿಸಿಕೊಂಡವು, ಮಾರುಕಟ್ಟೆಯ ದರಗಳಲ್ಲ.

ಒಂದು ಕೇಸ್‌ಗೆ ರೂ. 60ರಂತೆ 100 ಕೇಸ್‌ಗಳ ಬೆಲೆ ರೂ. 6,000. ಪ್ರತಿ ಕೇಸ್ ಐದು ಬಾರಿ ಬಳಕೆಯಾದರೆ ಒಟ್ಟು 500 ಬಳಕೆ. ಪ್ರತಿ ಬಳಕೆಗೆ ರೂ. 12. ಬಹುಮಂದಿ ಹಾಕುವ ಲೆಕ್ಕ ಇದೇ. ಆದರೆ ಪ್ರತಿ ಬಳಕೆಯ ಅನಂತರ ತಪಾಸಣೆಯಲ್ಲಿ ಶೇಕಡ 10ರಷ್ಟು ಕೇಸ್‌ಗಳು ತಿರಸ್ಕೃತವಾಗುತ್ತವೆ ಎಂದಿಟ್ಟುಕೊಂಡರೆ ಐದು ಸುತ್ತುಗಳಲ್ಲಿ ದೊರೆಯುವ ಬಳಕೆ ಕ್ರಮವಾಗಿ 100, 90, 81, 73 ಮತ್ತು 66, ಒಟ್ಟು 410. ಆಗ ಪ್ರತಿ ಬಳಕೆಯ ವೆಚ್ಚ ರೂ. 14.63. ತಿರಸ್ಕರಿಸಿದ ಹಾಗೂ ಕೊನೆಗೆ ಉಳಿದ ಎಲ್ಲ 100 ಕೇಸ್‌ಗಳೂ ಗುಜರಿಯಾಗಿ ತಲಾ ರೂ. 4ಕ್ಕೆ ಮಾರಾಟವಾದರೆ ರೂ. 400 ಹಿಂದಿರುಗಿ, ವೆಚ್ಚ ರೂ. 13.66ಕ್ಕೆ ಇಳಿಯುತ್ತದೆ. ಇದಕ್ಕೆ ಶುಚಿಗೊಳಿಸುವ, ಅಳೆಯುವ, ಕತ್ತರಿಸುವ ಶ್ರಮದ ಮೌಲ್ಯ ಸೇರಬೇಕು. ಹವ್ಯಾಸಿಗಳು ತಮ್ಮ ಸಮಯಕ್ಕೆ ಬೆಲೆ ಕಟ್ಟುವುದಿಲ್ಲ, ಉದ್ಯಮಿಗಳು ಕಟ್ಟಲೇಬೇಕು.

ರೂ. 12 ಮತ್ತು ರೂ. 14.63ರ ನಡುವಿನ ರೂ. 2.63 ತಿರಸ್ಕಾರದ ಬೆಲೆ. ಇದನ್ನು ನಷ್ಟವೆಂದು ಪರಿಗಣಿಸುವುದು ತಪ್ಪು. ವೆಚ್ಚ ಲೆಕ್ಕಶಾಸ್ತ್ರದಲ್ಲಿ ಇದು ಸಾಮಾನ್ಯ ನಷ್ಟ. ಉತ್ತಮ ಉತ್ಪನ್ನದ ಬೆಲೆಯೊಳಗೆ ಸೇರತಕ್ಕದ್ದು. ದಾಸ್ತಾನಿನ ಮೌಲ್ಯಮಾಪನ ಕುರಿತ ಲೆಕ್ಕಪತ್ರ ಮಾನಕ 2 ದಾಸ್ತಾನಿನ ವೆಚ್ಚದಿಂದ ಹೊರಗಿಡಲು ಹೇಳುವುದು ಅಸಾಮಾನ್ಯ ಪ್ರಮಾಣದ ವ್ಯರ್ಥವನ್ನು. ತಿರಸ್ಕಾರದ ಪ್ರಮಾಣ ಒಮ್ಮೆಲೆ ಶೇಕಡ 10ರಿಂದ 25ಕ್ಕೆ ಏರಿದರೆ ಆ ಹೆಚ್ಚುವರಿ ಭಾಗ ಅಸಾಮಾನ್ಯ; ಅದರ ಕಾರಣವನ್ನು ಹುಡುಕಬೇಕು. ತಿರಸ್ಕಾರ ಒಮ್ಮೆಲೆ ಸೊನ್ನೆಗೆ ಇಳಿದರೆ ಇನ್ನೂ ಹೆಚ್ಚು ಅನುಮಾನಿಸಬೇಕು. ಅಂದರೆ ತಪಾಸಣೆಯೇ ನಡೆದಿಲ್ಲವೆಂದು ಅರ್ಥ. ರೂ. 2.63 ಉಳಿಸಲು ಹೋದವನು ಪಣಕ್ಕಿಡುವುದು ಒಂದು ರೈಫಲನ್ನು ಮಾತ್ರವಲ್ಲ, ಅದರ ಹಿಂದೆ ನಿಂತವನ ಕಣ್ಣನ್ನೂ ಕೂಡ.

ಆಸ್ತಿಯೋ, ಗುಜರಿಯೋ?

ಅದೇ ವಸ್ತು ಒಂದು ಆದೇಶದಿಂದ ಆಸ್ತಿಯಿಂದ ಗುಜರಿಯಾಗಬಹುದು. 2009ರ ಮಾರ್ಚ್ ತಿಂಗಳಲ್ಲಿ ಅಮೆರಿಕದ ರಕ್ಷಣಾ ಇಲಾಖೆ, ಸೇನೆಯ ಖಾಲಿ ಕೇಸ್‌ಗಳನ್ನು ವಿರೂಪಗೊಳಿಸದೆ ಮಾರುವಂತಿಲ್ಲ ಎಂಬ ನಿಲುವು ತಳೆಯಿತು. ಕೇಸ್‌ಗಳನ್ನು ಖರೀದಿಸಿ ಮರಳಿ ತುಂಬಿ ಮಾರುತ್ತಿದ್ದ ಉದ್ಯಮಗಳ ಕಚ್ಚಾವಸ್ತು ಏಕಾಏಕಿ ನಿಂತುಹೋಯಿತು. ಮೊಂಟಾನ ರಾಜ್ಯದ ಸೆನೆಟರ್‌ಗಳಾದ ಮ್ಯಾಕ್ಸ್ ಬಾಕಸ್ ಮತ್ತು ಜಾನ್ ಟೆಸ್ಟರ್ ಆಕ್ಷೇಪಿಸಿದ ಮೇಲೆ ಅದೇ ತಿಂಗಳಲ್ಲಿ ಆ ನಿಲುವನ್ನು ಹಿಂತೆಗೆದುಕೊಳ್ಳಲಾಯಿತು. ಕಚ್ಚಾವಸ್ತುವಿಗೆ ಒಂದೇ ಸರ್ಕಾರಿ ಮೂಲವನ್ನು ನೆಚ್ಚಿದ ಉದ್ಯಮದ ದೌರ್ಬಲ್ಯ ಅಷ್ಟರಲ್ಲಿ ಬಯಲಾಗಿತ್ತು.

ಅಂತರರಾಷ್ಟ್ರೀಯ ಗುಜರಿ ವ್ಯಾಪಾರದಲ್ಲಿ ಅಮೆರಿಕದ ವರ್ತಕರ ಸಂಘದ ಸಂಕೇತನಾಮಗಳು ಪ್ರಚಲಿತವಾಗಿವೆ. ಸಾಮಾನ್ಯ ಹಳದಿ ಹಿತ್ತಾಳೆ ಗುಜರಿಗೆ ‘ಹನಿ’ ಎಂದೂ, ಸಿಡಿದ ಶುದ್ಧ ತೋಟಾ ಕೇಸ್‌ಗಳಿಗೆ ‘ಲೇಕ್’ ಎಂದೂ, ಕುಲುಮೆಯಲ್ಲಿ ಕಾಯಿಸಿ ಉಳಿದಿರಬಹುದಾದ ಸ್ಫೋಟಕವನ್ನು ಸಿಡಿಸಿಬಿಟ್ಟ ಕೇಸ್‌ಗಳಿಗೆ ‘ಲ್ಯಾಂಬ್’ ಎಂದೂ ಹೆಸರು. ಕರಗಿಸುವವರಿಗೆ ‘ಲೇಕ್’ ಮತ್ತು ‘ಲ್ಯಾಂಬ್’ ನಡುವಣ ವ್ಯತ್ಯಾಸ ಪ್ರಾಣದ ಪ್ರಶ್ನೆ. ರಾಶಿಯಲ್ಲಿ ಒಂದೇ ಒಂದು ಸಿಡಿಯದ ತೋಟಾ ಉಳಿದಿದ್ದರೂ ಕುಲುಮೆಯ ಬಳಿ ಇರುವವರಿಗೆ ಅಪಾಯ. 2004ರ ಸೆಪ್ಟೆಂಬರ್ ಕೊನೆಯಲ್ಲಿ ಉತ್ತರ ಪ್ರದೇಶದ ಸಾಹಿಬಾಬಾದಿನ ಉಕ್ಕಿನ ಕಾರ್ಖಾನೆಯೊಂದರಲ್ಲಿ ಆಮದು ಗುಜರಿಯೊಳಗಿದ್ದ ಯುದ್ಧಸಾಮಗ್ರಿ ಸಿಡಿದು ಕಾರ್ಮಿಕರು ಮೃತಪಟ್ಟ ಘಟನೆ ದೇಶವನ್ನೇ ಬೆಚ್ಚಿಬೀಳಿಸಿತು. ಅದರ ಬೆನ್ನಿಗೆ ಲೋಹದ ಗುಜರಿ ಆಮದಿನ ನಿಯಮಗಳನ್ನು ಬಿಗಿಗೊಳಿಸಲಾಯಿತು; ಹಡಗಿಗೇರಿಸುವ ಮುನ್ನ ತಪಾಸಣೆ ನಡೆಸಿದ ಪ್ರಮಾಣಪತ್ರದ ವ್ಯವಸ್ಥೆ ಮಹತ್ವ ಪಡೆಯಿತು. ನಿಯಮಗಳು ಕಾಲಕಾಲಕ್ಕೆ ಬದಲಾಗುವುದರಿಂದ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಪ್ರಸ್ತುತ ಅಧಿಸೂಚನೆಯನ್ನು ನೋಡಿಯೇ ಸರಕಿಗೆ ಬೇಡಿಕೆ ಸಲ್ಲಿಸತಕ್ಕದ್ದು.

ಭಾರತದ ಕಾನೂನು

1959ರ ಶಸ್ತ್ರಾಸ್ತ್ರ ಅಧಿನಿಯಮದ 2ನೇ ಪ್ರಕರಣದಲ್ಲಿ ‘ಮದ್ದುಗುಂಡು’ ಎಂಬ ಪದದ ವ್ಯಾಖ್ಯೆ ಅದರ ಬಿಡಿಭಾಗಗಳನ್ನೂ, ತಯಾರಿಸುವ ಯಂತ್ರಗಳನ್ನೂ ಒಳಗೊಂಡಿದೆ. 5ನೇ ಪ್ರಕರಣದ ಪ್ರಕಾರ ತಯಾರಿಕೆ ಹಾಗೂ ಮಾರಾಟಕ್ಕೆ ಪರವಾನಗಿ ಕಡ್ಡಾಯ; ಉಲ್ಲಂಘನೆಗೆ ಕಠಿಣ ಶಿಕ್ಷೆಯಿದೆ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ ಕೋವಿ ಹೊಂದುವುದಕ್ಕೆ ಸಂಬಂಧಿಸಿದ್ದೇ ಹೊರತು ತೋಟಾ ತಯಾರಿಕೆಗೆ ಅನ್ವಯಿಸುವುದಿಲ್ಲ. ಹಿತ್ತಾಳೆ ಗುಜರಿಯ ವರ್ತಕರು ಖಾಲಿ ಕೇಸ್‌ಗಳು ಬಂದಾಗ ಮೂಲದ ಬಿಲ್ಲನ್ನು ಪಡೆದಿಟ್ಟುಕೊಳ್ಳುವುದು, ಸಿಡಿಯದ ತೋಟಾ ಕಂಡುಬಂದರೆ ಮುಟ್ಟದೆ ಪೊಲೀಸರಿಗೆ ತಿಳಿಸುವುದು ಕ್ಷೇಮಕರ.

ಉಪಸಂಹಾರ

ಮರಳಿ ಬರುವ ಪೆಟ್ಟಿಗೆ, ಸಿಲಿಂಡರ್, ಡೈ, ಅಚ್ಚು ಯಾವುದೇ ಇರಲಿ, ಸದಸ್ಯರು ತಮ್ಮ ಲೆಕ್ಕಪುಸ್ತಕದಲ್ಲಿ ಮೂರು ಕಾಲಂಗಳನ್ನು ಇಡುವುದು ಉಚಿತ: ಎಷ್ಟನೆಯ ಬಳಕೆ, ತಪಾಸಣೆಯಲ್ಲಿ ತಿರಸ್ಕರಿಸಿದ ಸಂಖ್ಯೆ, ತಿರಸ್ಕಾರಕ್ಕೆ ಕಾರಣ. ಮೊದಲ ಕಾಲಂ ಸವಕಳಿಯನ್ನು ತಿಳಿಸುತ್ತದೆ, ಎರಡನೆಯದು ನಿಜವಾದ ವೆಚ್ಚವನ್ನು ತಿಳಿಸುತ್ತದೆ, ಮೂರನೆಯದು ಮುಂದಿನ ಅಪಘಾತವನ್ನು ತಪ್ಪಿಸುತ್ತದೆ. ಮೂರನ್ನೂ ತುಂಬಲು ದಿನಕ್ಕೆ ಹತ್ತು ನಿಮಿಷ ಸಾಕು.