ಶಿಲುಬೆಮರಣ ಮತ್ತು ವಿಮೋಚನೆ: ಸಂತ ಆನ್ಸೆಲ್ಮರ ‘ಪರಿಹಾರ’ ತತ್ತ್ವದ ಮರುಪರಿಶೀಲನೆ

ಪೊಂತಿಯುಸ್ ಪಿಲಾತನ ಕಾಲದಲ್ಲಿ ಯೇಸುಕ್ರಿಸ್ತರು ನಮಗೋಸ್ಕರ ಶಿಲುಬೆಗೇರಿಸಲ್ಪಟ್ಟರೆಂದು ನಾವು ವಿಶ್ವಾಸಸಂಗ್ರಹದಲ್ಲಿ ಘೋಷಿಸುತ್ತೇವೆ. ಈ ‘ನಮಗೋಸ್ಕರ’ ಎಂಬುದನ್ನು ವಿಶ್ವಾಸಸಂಗ್ರಹವು ದೃಢವಾಗಿ ಸಾರುತ್ತದೆ. ಆದರೆ ಒಬ್ಬರ ಮರಣವು ಎಲ್ಲರ ವಿಮೋಚನೆಯಾದುದು ಹೇಗೆಂಬುದನ್ನು ವಿವರಿಸುವುದಿಲ್ಲ. ಕ್ರಿಸ್ತರ ದೈವತ್ವವನ್ನು ಕುರಿತು ನೈಸೀಯ (325), ಅವರ ಎರಡು ಸ್ವಭಾವಗಳನ್ನು ಕುರಿತು ಕಾಲ್ಸೆಡೋನ್ (451) ಮಹಾಸಭೆಗಳು ಖಚಿತ ಸೂತ್ರಗಳನ್ನು ನೀಡಿದವು. ವಿಮೋಚನೆಯ ಬಗೆಯನ್ನು ಕುರಿತಾದರೋ, ಯಾವ ಮಹಾಸಭೆಯೂ ಒಂದೇ ವಿವರಣೆಯನ್ನು ಇತರ ಎಲ್ಲವುಗಳನ್ನು ಹೊರಗಿಡುವಂತೆ ವಿಧಿಸಿಲ್ಲ.

ಹೀಗಿದ್ದರೂ, ತಪಸ್ಸುಕಾಲದ ಪ್ರಬೋಧನೆಗಳಲ್ಲಿಯೂ ಶಿಲುಬೆಹಾದಿಯ ಧ್ಯಾನಗಳಲ್ಲಿಯೂ ಒಂದೇ ಬಗೆಯ ವಿವರಣೆ ಮರಳಿಮರಳಿ ಕೇಳಿಬರುವುದುಂಟು. ಅದರ ಸಾರ ಇಷ್ಟು: ಮಾನವರ ಪಾಪದಿಂದ ದೇವರು ಕೋಪಗೊಂಡರು, ಯಾರನ್ನಾದರೂ ದಂಡಿಸದೆ ಆ ಕೋಪ ಶಮನವಾಗುವಂತಿರಲಿಲ್ಲ, ನಮ್ಮ ಬದಲಿಗೆ ಸುತದೇವರನ್ನು ದಂಡಿಸಲಾಯಿತು, ಅನಂತರ ಪಿತದೇವರು ನಮ್ಮನ್ನು ಪ್ರೀತಿಸತೊಡಗಿದರು. ಈ ವಿವರಣೆಯ ಮೂಲಪುರುಷರು ಕ್ಯಾಂಟರ್‌ಬರಿಯ ಮಹಾಧರ್ಮಾಧ್ಯಕ್ಷರಾಗಿದ್ದ ಸಂತ ಆನ್ಸೆಲ್ಮರೆಂದೂ ಅನೇಕರು ಭಾವಿಸುತ್ತಾರೆ. ಆನ್ಸೆಲ್ಮರು ಹೇಳಿದ್ದು ಇದಲ್ಲ. ಧರ್ಮಸಭೆಯ ಬೋಧನೆಯೂ ಇದಲ್ಲ. ಅದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ಪವಿತ್ರಗ್ರಂಥದ ಸಾಕ್ಷ್ಯ

ಹೊಸ ಒಡಂಬಡಿಕೆಯು ಶಿಲುಬೆಯನ್ನು ಕುರಿತು ಹಲವು ರೂಪಕಗಳಲ್ಲಿ ಮಾತನಾಡುತ್ತದೆ: ಈಡು, ಬಲಿ, ಸಂಧಾನ, ವಿಜಯ, ಒಡಂಬಡಿಕೆಯ ರಕ್ತ. ಇವುಗಳಲ್ಲಿ ಯಾವುದೊಂದನ್ನೂ ಅದರ ಎಲ್ಲೆ ಮೀರಿ ಎಳೆಯಲಾಗದು. ಮಾರ್ಕನ ಶುಭಸಂದೇಶವು (10:45) ಯೇಸುವಿನ ಪ್ರಾಣವನ್ನು ಅನೇಕರ ಬಿಡುಗಡೆಯ ಈಡೆಂದು ಕರೆಯುತ್ತದೆ. ಆದರೆ ಆ ಈಡನ್ನು ಪಡೆದವರು ಯಾರು? ನಾಜಿಯಾನ್ಸಿನ ಸಂತ ಗ್ರೆಗೊರಿಯವರು ತಮ್ಮ ನಲವತ್ತೈದನೆಯ ಪ್ರವಚನದಲ್ಲಿ ಈ ಪ್ರಶ್ನೆಯನ್ನು ನೇರವಾಗಿ ಎತ್ತಿದರು. ಸೈತಾನನಿಗೆ ಸಂದಿತೆನ್ನುವುದು ಅವರಿಗೆ ದೇವದೂಷಣೆಯಂತೆ ತೋರಿತು; ತಂದೆಯು ಮಗನ ರಕ್ತವನ್ನು ಬಯಸಿದರೆನ್ನುವುದನ್ನೂ ಅವರು ಒಪ್ಪಲಿಲ್ಲ. ರೂಪಕವು ಬಿಡುಗಡೆಯ ಬೆಲೆಯನ್ನು ಹೇಳುತ್ತದೆ, ವ್ಯಾಪಾರದ ಲೆಕ್ಕವನ್ನಲ್ಲ.

ರೋಮನರಿಗೆ ಬರೆದ ಪತ್ರದಲ್ಲಿ (3:25) ಸಂತ ಪೌಲರು ಕ್ರಿಸ್ತರಿಗೆ ಬಳಸುವ ಗ್ರೀಕ್ ಪದ ‘ಹಿಲಾಸ್ತೆರಿಯೋನ್’. ಹಳೆಯ ಒಡಂಬಡಿಕೆಯ ಗ್ರೀಕ್ ಅನುವಾದದಲ್ಲಿ ಇದು ಮಂಜೂಷದ ಮೇಲಿದ್ದ ಕೃಪಾಸನದ ಹೆಸರು. ದೋಷಪರಿಹಾರಕ ದಿನದಂದು ಪ್ರಧಾನ ಯಾಜಕನು ರಕ್ತವನ್ನು ಚಿಮುಕಿಸುತ್ತಿದ್ದುದು ಅಲ್ಲಿಯೇ (ಯಾಜಕ 16). ಇಲ್ಲಿ ಗಮನಿಸಬೇಕಾದುದು ವಾಕ್ಯದ ಕರ್ತೃ. ಕೃಪಾಸನವನ್ನು ಮುಂದಿಟ್ಟವರು ಸ್ವತಃ ದೇವರು. ಮಾನವರು ಏನನ್ನೋ ಅರ್ಪಿಸಿ ದೇವರ ಮನಸ್ಸನ್ನು ತಿರುಗಿಸಿದರೆಂದು ಪೌಲರು ಹೇಳುವುದಿಲ್ಲ. ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಲ್ಲಿಯೂ (5:19) ಸಂಧಾನ ಮಾಡುವವರು ದೇವರು, ಸಂಧಾನಕ್ಕೆ ಒಳಗಾಗುವುದು ಲೋಕ. ನಾವು ಇನ್ನೂ ಪಾಪಿಗಳಾಗಿದ್ದಾಗಲೇ ಕ್ರಿಸ್ತರು ಮರಣಹೊಂದಿದುದು ದೇವರ ಪ್ರೀತಿಯ ಪುರಾವೆಯೆಂದು ರೋಮ 5:8 ತಿಳಿಸುತ್ತದೆ. ಹಾಗಾಗಿ ಪ್ರೀತಿಯು ಶಿಲುಬೆಯ ಫಲವಲ್ಲ, ಶಿಲುಬೆಯ ಕಾರಣ.

ಆನ್ಸೆಲ್ಮರು ಹೇಳಿದ್ದೇನು?

ಆನ್ಸೆಲ್ಮರು ‘ದೇವರು ಮಾನವರಾದುದೇಕೆ’ ಎಂಬ ಸಂವಾದಗ್ರಂಥವನ್ನು 1098ರಲ್ಲಿ ಪೂರ್ಣಗೊಳಿಸಿದರು. ಶಿಷ್ಯ ಬೋಸೋ ಪ್ರಶ್ನೆ ಕೇಳುತ್ತಾನೆ, ಗುರು ಉತ್ತರಿಸುತ್ತಾರೆ. ಸೃಷ್ಟಿಯು ತನ್ನ ಇಚ್ಛೆಯನ್ನು ದೇವರ ಇಚ್ಛೆಗೆ ಒಪ್ಪಿಸುವುದೇ ದೇವರಿಗೆ ಸಲ್ಲಬೇಕಾದ ಗೌರವ. ಅದನ್ನು ಸಲ್ಲಿಸದಿರುವುದೇ ಪಾಪ. ಇಲ್ಲಿ ‘ಗೌರವ’ವೆಂದರೆ ನೊಂದ ಪಾಳೆಯಗಾರನ ಪ್ರತಿಷ್ಠೆಯಲ್ಲ. ದೇವರ ಗೌರವಕ್ಕೆ ಸ್ವತಃ ಏನನ್ನೂ ಕೂಡಿಸಲಾಗದು, ಏನನ್ನೂ ಕಳೆಯಲಾಗದು. ಪಾಪವು ಕದಡುವುದು ವಿಶ್ವದ ಕ್ರಮವನ್ನು, ಸೌಂದರ್ಯವನ್ನು. ಇದನ್ನು ಆನ್ಸೆಲ್ಮರೇ ಮೊದಲ ಭಾಗದ ಹದಿನೈದನೆಯ ಅಧ್ಯಾಯದಲ್ಲಿ ಸ್ಪಷ್ಟಪಡಿಸುತ್ತಾರೆ.

ಈಗ ನಿರ್ಣಾಯಕ ಅಂಶಕ್ಕೆ ಬರೋಣ. ಪಾಪದ ಅನಂತರ ಎರಡೇ ದಾರಿಗಳಿವೆ: ಪರಿಹಾರ, ಇಲ್ಲವೇ ದಂಡನೆ. ಇವೆರಡೂ ಒಂದೇ ಅಲ್ಲ; ಒಂದು ಇರುವೆಡೆ ಇನ್ನೊಂದು ಇರಲಾರದು. ಪರಿಹಾರವನ್ನು ಸಲ್ಲಿಸಿದರೆ ದಂಡನೆಗೆ ಎಡೆಯಿಲ್ಲ. ಕ್ರಿಸ್ತರು ಸಲ್ಲಿಸಿದ್ದು ಪರಿಹಾರ. ಅವರು ನಮ್ಮ ದಂಡನೆಯನ್ನು ಅನುಭವಿಸಿದರೆಂದು ಆನ್ಸೆಲ್ಮರ ಹೆಸರಿನಲ್ಲಿ ಹೇಳುವುದು ಅವರ ವಾದದ ಆಧಾರಸ್ತಂಭವನ್ನೇ ಕಿತ್ತಂತೆ.

ಪರಿಹಾರವನ್ನು ಸಲ್ಲಿಸಬೇಕಾದವರು ಮಾನವರು. ಸಲ್ಲಿಸಬಲ್ಲವರು ದೇವರು ಮಾತ್ರ. ಆದ್ದರಿಂದ ದೇವ-ಮಾನವರೊಬ್ಬರು ಬೇಕಾಯಿತು. ಪಾಪರಹಿತರಾದ ಕ್ರಿಸ್ತರಿಗೆ ಮರಣದ ಋಣವಿರಲಿಲ್ಲ. ಆದುದರಿಂದಲೇ ಅವರ ಪ್ರಾಣಾರ್ಪಣೆ ಸಂಪೂರ್ಣ ಸ್ವತಂತ್ರ ಕೊಡುಗೆ. ಪಿತದೇವರು ಅವರ ಮರಣವನ್ನು ಬಲವಂತದಿಂದ ವಿಧಿಸಿದರೇ ಎಂಬ ಬೋಸೋವಿನ ಆಕ್ಷೇಪಕ್ಕೆ ಆನ್ಸೆಲ್ಮರ ಉತ್ತರ ಹೀಗಿದೆ: ಪಿತದೇವರು ಕೇಳಿದ್ದು ನೀತಿನಿಷ್ಠೆಯನ್ನು, ಆ ನಿಷ್ಠೆಯನ್ನು ಕ್ರಿಸ್ತರು ಕೊನೆಯವರೆಗೂ ಬಿಡದೆ ಕಾಪಾಡಿದುದರಿಂದ ಮರಣ ಒದಗಿತು. ಕೊಂದವರು ಪಾಪಿಗಳು, ಪ್ರೀತಿಯಿಂದ ನಿಂತವರು ಕ್ರಿಸ್ತರು.

ಸಂತ ತೋಮಸ್ ಅಕ್ವೀನರ ಸಮನ್ವಯ

ಆನ್ಸೆಲ್ಮರ ತರ್ಕಕ್ಕೆ ಮಿತಿಗಳಿಲ್ಲದಿಲ್ಲ. ಅವರು ಅದನ್ನು ಅನಿವಾರ್ಯತೆಯ ಭಾಷೆಯಲ್ಲಿ ಕಟ್ಟಿದರು. ಪುನರುತ್ಥಾನಕ್ಕೆ ಅಲ್ಲಿ ದೊರೆತ ಸ್ಥಾನ ಕಿರಿದು. ಸಂತ ತೋಮಸ್ ಅಕ್ವೀನರು ‘ದೈವಶಾಸ್ತ್ರ ಸಂಗ್ರಹ’ದ ಮೂರನೆಯ ಭಾಗದಲ್ಲಿ (ಪ್ರಶ್ನೆ 46–49) ಈ ತತ್ತ್ವವನ್ನು ಉಳಿಸಿಕೊಂಡೇ ತಿದ್ದಿದರು. ದೇವರು ನಮ್ಮನ್ನು ಬೇರೆ ರೀತಿಯಲ್ಲಿಯೂ ವಿಮೋಚಿಸಬಹುದಿತ್ತು; ಆದರೆ ಇದಕ್ಕಿಂತ ಸೂಕ್ತವಾದ ರೀತಿ ಇರಲಿಲ್ಲ. ಅದಕ್ಕೆ ಅವರು ಕೊಡುವ ಮೊದಲ ಕಾರಣ, ದೇವರು ನಮ್ಮನ್ನು ಎಷ್ಟು ಪ್ರೀತಿಸುತ್ತಾರೆಂಬುದನ್ನು ನಾವು ಇದರಿಂದ ಅರಿಯುತ್ತೇವೆ ಎಂಬುದು. ಪರಿಹಾರದೊಡನೆ ಪುಣ್ಯಾರ್ಜನೆ, ಬಲಿ, ಬಿಡುಗಡೆ, ಸಾಧಕ ಕಾರಣ ಎಂಬ ಇತರ ನಾಲ್ಕು ಬಗೆಗಳನ್ನೂ ಅವರು ಜೋಡಿಸುತ್ತಾರೆ.

ಅಕ್ವೀನರ ಪ್ರಕಾರ, ಅಪರಾಧದಿಂದ ಉಂಟಾದ ಬೇಸರಕ್ಕೆ ಸಮನಾದ ಅಥವಾ ಮಿಗಿಲಾದ ಪ್ರೀತಿಪಾತ್ರ ವಸ್ತುವನ್ನು ನೊಂದವರಿಗೆ ಅರ್ಪಿಸುವುದೇ ಪರಿಹಾರ. ಕ್ರಿಸ್ತರ ವೇದನೆಗೆ ಬೆಲೆ ತಂದುದು ಅವರ ಪ್ರೀತಿ ಮತ್ತು ವಿಧೇಯತೆ, ನೋವಿನ ಪ್ರಮಾಣವೊಂದೇ ಅಲ್ಲ. ಒಬ್ಬರು ಸಲ್ಲಿಸಿದ್ದು ಇತರರಿಗೆ ಸಲ್ಲುವುದು ಹೇಗೆ? ಶಿರಸ್ಸೂ ಅಂಗಗಳೂ ಒಂದೇ ದೇಹವಾಗಿರುವಂತೆ ಕ್ರಿಸ್ತರೂ ವಿಶ್ವಾಸಿಗಳೂ ಒಂದಾಗಿರುವುದರಿಂದ. ಅವರು ನಮ್ಮ ಬದಲಿಗೆ ದೂರದಲ್ಲಿ ನಿಂತವರಲ್ಲ. ನಮ್ಮನ್ನು ತಮ್ಮೊಳಗೆ ಒಳಗೊಂಡು ನಿಂತವರು. ಇನ್ನು, ಸಂಧಾನವಾಯಿತೆಂದರೆ ದೇವರು ಆಗ ಹೊಸದಾಗಿ ಪ್ರೀತಿಸಲಾರಂಭಿಸಿದರು ಎಂದರ್ಥವಲ್ಲವೆಂಬುದನ್ನು ಅವರು ನಲವತ್ತೊಂಬತ್ತನೆಯ ಪ್ರಶ್ನೆಯಲ್ಲಿ ನೆನಪಿಸುತ್ತಾರೆ.

ಒಂದು ಆಕ್ಷೇಪ

ಹಾಗಾದರೆ ಯೆಶಾಯನ ಗ್ರಂಥದ ಐವತ್ತಮೂರನೆಯ ಅಧ್ಯಾಯವನ್ನೂ ಕ್ರಿಸ್ತರು ನಮಗಾಗಿ ಶಾಪವಾದರೆನ್ನುವ ಗಲಾತ್ಯ 3:13ನ್ನೂ ಏನೆನ್ನಬೇಕು? ಈ ವಾಕ್ಯಗಳನ್ನು ಹಗುರಗೊಳಿಸಬಾರದು. ಪಾಪವು ಲೋಕದಲ್ಲಿ ಹುಟ್ಟಿಸಿದ ಹಿಂಸೆ, ಅವಮಾನ, ತ್ಯಕ್ತತೆ, ಮರಣ ಎಲ್ಲವನ್ನೂ ಕ್ರಿಸ್ತರು ನಿಜವಾಗಿಯೂ ಹೊತ್ತರು. ಆದರೆ ಪಿತದೇವರ ತಿರಸ್ಕಾರಕ್ಕೆ ಗುರಿಯಾದ ಪಾಪಿಯಾಗಿ ಹೊರಲಿಲ್ಲ. ‘ಕಥೋಲಿಕ ಧರ್ಮಸಭೆಯ ಧರ್ಮೋಪದೇಶ’ ಗ್ರಂಥವು (603) ಈ ಭೇದವನ್ನು ಖಚಿತವಾಗಿ ಗುರುತಿಸುತ್ತದೆ. ಪಿತದೇವರು ಸುತನನ್ನು ‘ಒಪ್ಪಿಸಿಕೊಟ್ಟರು’ ಎಂಬುದನ್ನು ಅಕ್ವೀನರು ಮೂರು ಬಗೆಯಲ್ಲಿ ವಿವರಿಸುತ್ತಾರೆ: ಅನಾದಿಯಿಂದ ಆ ವೇದನೆಯನ್ನು ನಮ್ಮ ವಿಮೋಚನೆಗೆ ಸಂಕಲ್ಪಿಸಿದರು; ವೇದನೆಪಡುವ ಪ್ರೀತಿಯನ್ನು ಅವರಲ್ಲಿ ತುಂಬಿದರು; ಹಿಂಸಕರಿಂದ ಅವರನ್ನು ಮರೆಮಾಡಲಿಲ್ಲ. ತ್ರಿತ್ವದಲ್ಲಿ ಇಚ್ಛೆ ಒಂದೇ ಆಗಿರುವಾಗ ಪಿತ ಒಂದನ್ನು, ಸುತ ಇನ್ನೊಂದನ್ನು ಬಯಸಿದರೆನ್ನುವುದು ತ್ರಿತ್ವವಿಶ್ವಾಸಕ್ಕೇ ಭಂಗ.

‘ಬಲಿ’ ಎಂಬ ಪದ ಮತ್ತು ನಮ್ಮ ಪ್ರಬೋಧನೆ

ಕನ್ನಡದಲ್ಲಿ ಬೋಧಿಸುವ ನಮಗೆ ಇಲ್ಲಿ ವಿಶೇಷ ಎಚ್ಚರಿಕೆ ಅಗತ್ಯ. ‘ಬಲಿ’ ಎಂದೊಡನೆ ನಮ್ಮ ಜನರ ಕಿವಿಗೆ ಹರಕೆ ತೀರಿಸುವ, ಮುನಿದ ಶಕ್ತಿಯನ್ನು ತಣಿಸುವ ಅರ್ಥವೇ ಮೊದಲು ತಟ್ಟುತ್ತದೆ. ‘ಬಲಿಯಾಗು’ ಎಂಬ ಮಾತಂತೂ ಅಸಹಾಯಕತೆಯನ್ನೇ ಸೂಚಿಸುತ್ತದೆ. ‘ಬಲಿಪೂಜೆ’ ನಮ್ಮ ಆರಾಧನೆಯ ನೆಲೆಗೊಂಡ ಪದ; ಅದನ್ನು ಬಿಡಬೇಕಿಲ್ಲ, ಬಿಡಿಸಿ ಹೇಳಬೇಕು. ಕ್ರೈಸ್ತ ಅರ್ಥದಲ್ಲಿ ಬಲಿಯನ್ನು ಕೊಟ್ಟವರೂ ಬಲಿಯಾದವರೂ ಒಬ್ಬರೇ, ಮತ್ತು ಅವರನ್ನು ನಮಗೆ ಕಳುಹಿಸಿದವರು ದೇವರೇ. ನೀತೀಕರಣದ ಕಾರಣಗಳನ್ನು ಎಣಿಸುವಾಗ ಟ್ರೆಂಟ್ ಮಹಾಸಭೆಯು (1547) ಕ್ರಿಸ್ತರ ವೇದನೆಯನ್ನು ಪುಣ್ಯಾರ್ಜಕ ಕಾರಣವೆಂದರೂ, ಸಾಧಕ ಕಾರಣವೆಂದು ಹೆಸರಿಸಿದ್ದು ಕರುಣಾಮಯ ದೇವರನ್ನು.

ಇದು ಪಾಠದ ಕೊಠಡಿಗೆ ಸೀಮಿತವಾದ ಸೂಕ್ಷ್ಮತೆಯಲ್ಲ. ಗಂಡನ ಹೊಡೆತವನ್ನು ಸಹಿಸುತ್ತಿರುವ ಮಹಿಳೆ, ಮಗುವನ್ನು ಕಳೆದುಕೊಂಡ ತಂದೆ ಶುಭ ಶುಕ್ರವಾರದಂದು ನಮ್ಮ ಮುಂದೆ ಕುಳಿತಿರುತ್ತಾರೆ. ತಂದೆಯು ಮಗನನ್ನು ದಂಡಿಸಿ ತೃಪ್ತರಾದರೆಂದು ನಾವು ಬೋಧಿಸಿದರೆ, ತಮ್ಮ ನೋವನ್ನೂ ದೇವರೇ ಕೇಳಿದ ತೆರಿಗೆಯೆಂದು ಅವರು ತಿಳಿಯುತ್ತಾರೆ. ಹೊಡೆಯುವ ಕೈಗೆ ಧರ್ಮದ ಸಮರ್ಥನೆ ಸಿಗುತ್ತದೆ. ಶಿಲುಬೆಯು ಹಿಂಸೆಯನ್ನು ಪವಿತ್ರಗೊಳಿಸಲಿಲ್ಲ. ಹಿಂಸೆಯ ನಡುವೆಯೂ ಸೋಲದ ಪ್ರೀತಿಯನ್ನು ಪ್ರಕಟಿಸಿತು, ಮೂರನೆಯ ದಿನ ಪಿತದೇವರು ಅದಕ್ಕೆ ಮುದ್ರೆಯೊತ್ತಿದರು.

ಆದುದರಿಂದ ಪ್ರಬೋಧನೆಯನ್ನು ಬರೆದು ಮುಗಿಸಿದಾಗ ಒಂದು ಪ್ರಶ್ನೆಯನ್ನು ನಾವು ಕೇಳಿಕೊಳ್ಳುವುದು ಲೇಸು: ನಮ್ಮ ವಾಕ್ಯಗಳಲ್ಲಿ ಪಿತದೇವರು ಶಿಲುಬೆಯ ಎದುರು ನಿಂತ ನ್ಯಾಯಾಧೀಶರೋ, ಕ್ರಿಸ್ತರಲ್ಲಿ ಲೋಕವನ್ನು ತಮ್ಮೊಡನೆ ಸಂಧಾನಗೊಳಿಸುತ್ತಿರುವವರೋ? ಪೌಲರ ಉತ್ತರ ಎರಡನೆಯದು. ನಮ್ಮದೂ ಅದೇ ಆಗಿರಬೇಕು.