ರಾಸಿನ ಹೊಟ್ಟೆಗೆ ಕಬ್ಬಿಣ ಸೇರದಿರಲು: ಯಾವ ಡಿಟೆಕ್ಟರ್, ಯಾವ ಆಯಸ್ಕಾಂತ, ಯಾವ ಗುದ್ದಲಿ?

ನಿನ್ನೆ ಸಂಜೆ ಎಂಟು ಲೀಟರ್ ಕೊಟ್ಟ ಹಸು ಇಂದು ಬೆಳಿಗ್ಗೆ ಎರಡು ಲೀಟರಿಗೆ ಇಳಿದಿದೆ. ಹಿಂಡಿಗೆ ಬಾಯಿ ಹಾಕುತ್ತಿಲ್ಲ, ಮೆಲುಕು ನಿಂತಿದೆ. ಬೆನ್ನು ಬಿಲ್ಲಿನಂತೆ ಬಾಗಿದೆ, ಮುಂಗಾಲುಗಳನ್ನು ಎದೆಯಿಂದ ದೂರ ಚಾಚಿ ನಿಂತಿದೆ. ಮಲಗುವಾಗ, ಏಳುವಾಗ ನರಳುತ್ತದೆ. ಇಳಿಜಾರಿನಲ್ಲಿ ಹೆಜ್ಜೆ ಇಡಲು ಒಲ್ಲದು. ಜ್ವರವೂ ಜೋರಾಗಿಲ್ಲ, ಮಾಮೂಲಿ 101.5 ಡಿಗ್ರಿ ಇರಬೇಕಾದದ್ದು 103–104ರ ಆಸುಪಾಸು ಇರುತ್ತದೆ. ಅಜೀರ್ಣ ಇರಬೇಕು ಎಂದು ಶುಂಠಿ, ಬೆಲ್ಲ, ಓಮ ಕುಡಿಸಿ ಎರಡು ದಿನ ಕಾಯುವವರೇ ನಮ್ಮಲ್ಲಿ ಹೆಚ್ಚು. ಒಳಗಿರುವುದು ತಂತಿಯ ಚೂರಾದರೆ ಆ ಎರಡು ದಿನವೇ ದುಬಾರಿ.

ಹಸು, ಎಮ್ಮೆಗಳಿಗೆ ಮೇಲಿನ ಮುಂಹಲ್ಲುಗಳಿಲ್ಲ. ನಾಲಗೆಯಿಂದ ಮೇವನ್ನು ಬಾಚಿ, ಅರೆಬರೆ ಅಗಿದು ನುಂಗುತ್ತವೆ. ಸರಿಯಾಗಿ ಅಗಿಯುವುದು ಆಮೇಲೆ, ಮೆಲುಕು ಹಾಕುವಾಗ. ಮೇಕೆ ತುಟಿಯಿಂದ ಆರಿಸಿ ತಿನ್ನುತ್ತದೆ, ಹಸು ಆರಿಸುವುದಿಲ್ಲ. ಹೀಗೆ ಒಳಹೋದ ಮೊಳೆ, ಸೂಜಿ, ತಂತಿ ಭಾರಕ್ಕೆ ಎರಡನೆಯ ಹೊಟ್ಟೆಗೆ ಇಳಿದು ನಿಲ್ಲುತ್ತವೆ. ಅದರ ಒಳಮೈ ಜೇನುತಟ್ಟಿಯಂತೆ ಗುಳಿಗುಳಿಯಾಗಿರುವುದರಿಂದ ಬಿದ್ದದ್ದು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಈ ಹೊಟ್ಟೆ ಸಂಕುಚಿಸಿದಾಗಲೆಲ್ಲ ಚೂಪಾದ ತುದಿ ಗೋಡೆಗೆ ಒತ್ತುತ್ತದೆ. ಮುಂದೆ ಇರುವುದು ವಪೆ, ಅದರಾಚೆ ಗುಂಡಿಗೆ. ನಡುವೆ ಇರುವ ಅಂತರ ಕೆಲವೇ ಅಂಗುಲ. ತುಂಬು ಗಬ್ಬದ ರಾಸಿನಲ್ಲಿ ಕರುವಿನ ಭಾರವೂ, ಕರು ಹಾಕುವಾಗಿನ ಮುಕ್ಕುವಿಕೆಯೂ ತಂತಿಯನ್ನು ಇನ್ನಷ್ಟು ಮುಂದಕ್ಕೆ ತಳ್ಳುತ್ತವೆ. ಗಂಗೆದೊಗಲಿನಲ್ಲಿ ನೀರು ತುಂಬಿ, ಕತ್ತಿನ ರಕ್ತನಾಳ ಹಗ್ಗದಂತೆ ಉಬ್ಬಿತೆಂದರೆ ಗುಂಡಿಗೆಯ ಪೊರೆಗೆ ಕೀವಾಗಿದೆ ಎಂದೇ ಅರ್ಥ. ಅಲ್ಲಿಂದಾಚೆಗೆ ಉಳಿಸುವುದು ಬಲು ಕಷ್ಟ.

ಕೋರ ಹೋಬಳಿಯವರಿಗೆ ಈ ಮಾತು ಹೆಚ್ಚು ಹತ್ತಿರದ್ದು. ವಸಂತನರಸಾಪುರ ಕೈಗಾರಿಕಾ ಪ್ರದೇಶ ಪಕ್ಕದಲ್ಲೇ ಬೆಳೆದಿದೆ. ಷೆಡ್ಡು, ಕಾಂಪೌಂಡು, ಹೊಸ ಮನೆಗಳ ಕೆಲಸ ಊರೂರಲ್ಲೂ ನಡೆದಿದೆ. ಸೆಂಟ್ರಿಂಗ್ ಬಿಚ್ಚಿದ ಜಾಗದಲ್ಲಿ ಬೈಂಡಿಂಗ್ ತಂತಿಯ ಗೇಣುದ್ದದ ತುಂಡುಗಳು ಬಿದ್ದಿರುತ್ತವೆ. ಮನೆ ಕಟ್ಟುವ ಮುನ್ನ ಅದೇ ಜಾಗ ಹುಲ್ಲು ಮೇಯುವ ಬಯಲಾಗಿತ್ತು ಎಂಬುದು ಹಸುವಿಗೆ ನೆನಪಿದೆ, ನಮಗಿಲ್ಲ. ಮದುವೆಮನೆಯಿಂದ ತಂದ ಬಾಳೆಎಲೆ, ಹಾರದ ರಾಶಿಯಲ್ಲೂ ತಂತಿ, ಗುಂಡುಪಿನ್ನು ಇರುತ್ತವೆ. ಟೈರು ಕತ್ತರಿಸಿ ಮಾಡಿದ ತೊಟ್ಟಿ ಹಳತಾದಂತೆ ಒಳಗಿನ ಉಕ್ಕಿನ ಎಳೆಗಳು ಹೊರಬರುತ್ತವೆ. ಹಳೆಯ ಮರಮುಟ್ಟು ಸುಟ್ಟ ಬೂದಿಯಲ್ಲಿ ಮೊಳೆ ಹಾಗೇ ಉಳಿದು, ತಿಪ್ಪೆ ಸೇರಿ, ಗೊಬ್ಬರದೊಂದಿಗೆ ಮೇವಿನ ತಾಕಿಗೆ ಹೋಗುತ್ತದೆ.

ಮೆಟಲ್ ಡಿಟೆಕ್ಟರ್ ಕೊಂಡರೆ ಹೇಗೆ ಎಂದು ಕೇಳುವವರಿದ್ದಾರೆ. ಕೊಳ್ಳಬಹುದು, ಆದರೆ ಯಾವುದನ್ನು, ಯಾವ ಕೆಲಸಕ್ಕೆ ಎಂದು ತಿಳಿದು ಕೊಳ್ಳಬೇಕು. ಡಿಟೆಕ್ಟರಿನ ತಂತಿಸುರುಳಿಯಲ್ಲಿ ಬದಲಾಗುತ್ತಿರುವ ಆಯಸ್ಕಾಂತ ಕ್ಷೇತ್ರ ಹುಟ್ಟುತ್ತದೆ. ಹತ್ತಿರದ ಲೋಹದಲ್ಲಿ ಅದು ಸಣ್ಣ ವಿದ್ಯುತ್ತು ಹರಿಸುತ್ತದೆ. ಅದನ್ನು ಗ್ರಹಿಸಿ ಯಂತ್ರ ಕೂಗುತ್ತದೆ. ಸಿನಿಮಾ ಮಂದಿರದ ಬಾಗಿಲಲ್ಲಿ ಮೈಗೆ ಸವರುವ ಕೈಕೋಲು ಒಂದು ಬಗೆ. ಇದು ಕೆಲವೇ ಅಂಗುಲದ ದೂರಕ್ಕೆ ಕೇಳಿಸುತ್ತದೆ; ಹುಲ್ಲಿನ ಹೊರೆಯನ್ನು ತೆಳ್ಳಗೆ ಹರವಿ, ಇಲ್ಲವೇ ಬೂಸ, ಹಿಂಡಿಯನ್ನು ಮೊರದಲ್ಲಿ ಹಾಕಿ ನೋಡಲು ಸಾಕು. ತುಂಬಿದ ಮೂಟೆಯ ಮಧ್ಯದ ಸೂಜಿಯನ್ನು ಇದು ಹಿಡಿಯುವುದಿಲ್ಲ. ಇನ್ನೊಂದು, ಉದ್ದ ಕೋಲಿನ ತುದಿಗೆ ತಟ್ಟೆಯಿರುವ ನೆಲ ಹುಡುಕುವ ಯಂತ್ರ. ಇದರ ತಟ್ಟೆ ದೊಡ್ಡದಾದಷ್ಟೂ ಆಳಕ್ಕೆ ಹೋಗುತ್ತದೆ, ಆದರೆ ಸಣ್ಣ ಚೂರನ್ನು ಬಿಟ್ಟುಬಿಡುತ್ತದೆ. ನಮಗೆ ಬೇಕಾದದ್ದು ಮೇಲ್ಮಣ್ಣಿನ ಮೊಳೆ, ತಂತಿ. ಆದ್ದರಿಂದ ಚಿಕ್ಕ ತಟ್ಟೆಯೇ ಸರಿ.

ಇಲ್ಲೊಂದು ತಮಾಷೆಯಿದೆ. ಈ ಯಂತ್ರಗಳನ್ನು ಹೆಚ್ಚಾಗಿ ನಾಣ್ಯ, ಒಡವೆ ಹುಡುಕುವವರಿಗೆಂದು ಮಾಡಿರುತ್ತಾರೆ. ಅವರಿಗೆ ಕಬ್ಬಿಣ ಬೇಡ. ಹಾಗಾಗಿ ಕಬ್ಬಿಣ ಸಿಕ್ಕರೆ ಸುಮ್ಮನಿರುವಂತೆ ಅದರಲ್ಲಿ 'ಡಿಸ್ಕ್ರಿಮಿನೇಷನ್' ಎಂಬ ಏರ್ಪಾಡಿರುತ್ತದೆ. ನಾವು ಅದನ್ನು ಪೂರ್ತಿ ತೆಗೆದು, ಎಲ್ಲ ಲೋಹಕ್ಕೂ ಕೂಗುವ 'ಆಲ್ ಮೆಟಲ್'ಗೆ ಇಡಬೇಕು. ನಮ್ಮ ಕೆಂಪು ಮಣ್ಣಿನಲ್ಲಿ ಕಬ್ಬಿಣದ ಅಂಶ ಇರುವುದರಿಂದ ಬರಿ ನೆಲಕ್ಕೂ ಯಂತ್ರ ಗೊಣಗಬಹುದು. 'ಗ್ರೌಂಡ್ ಬ್ಯಾಲೆನ್ಸ್' ಹೊಂದಿಸುವ ಗುಂಡಿ ಇರುವುದನ್ನೇ ಆರಿಸಿ. ಅಂಗಡಿಯವರು ತೋರಿಸಿದ ಟೈಲ್ಸ್ ನೆಲದ ಮೇಲಲ್ಲ, ಒಂದು ಮೊಳೆಯನ್ನು ನಿಮ್ಮ ಹೊಲದಲ್ಲೇ ಹೂತು ಪರೀಕ್ಷಿಸಿ. ತಟ್ಟೆಯನ್ನು ನೆಲಕ್ಕೆ ಸಮನಾಗಿ, ನಿಧಾನವಾಗಿ, ಒಂದು ಸಾಲು ಇನ್ನೊಂದರ ಮೇಲೆ ಅರ್ಧ ಬರುವಂತೆ ಆಡಿಸಬೇಕು. ಉಕ್ಕಿನ ಟೋ ಇರುವ ಬೂಟು ಹಾಕಿಕೊಂಡರೆ ನಿಮ್ಮ ಕಾಲನ್ನೇ ಅದು ಕಂಡುಹಿಡಿಯುತ್ತದೆ.

ಆದರೂ ನನ್ನ ಲೆಕ್ಕದಲ್ಲಿ ಮೊದಲ ಹಣ ಆಯಸ್ಕಾಂತಕ್ಕೆ ಹೋಗಬೇಕು. ಬ್ಯಾಟರಿ ಬೇಡ, ಕೆಟ್ಟುಹೋಗುವುದಿಲ್ಲ, ಕಂಡುಹಿಡಿಯುವುದರ ಜೊತೆಗೆ ಎತ್ತಿಯೂ ಕೊಡುತ್ತದೆ. ಚಾಫ್ ಕಟರ್‌ನ ಬಾಯಿಗೆ ಮುಂಚೆ, ಮೇವು ಜಾರುವ ತಟ್ಟೆಯ ಮೇಲೆ ಬಲವಾದ ಒಂದು ಪಟ್ಟಿ ಬಿಗಿದರೆ ಕಬ್ಬಿಣದ ಚೂರು ಅಲ್ಲೇ ನಿಲ್ಲುತ್ತದೆ. ಯಂತ್ರ ನಿಲ್ಲಿಸಿ ದಿನವೂ ಅದನ್ನು ಒರೆಸಬೇಕು. ಕಟರ್ ಒಳಗೆ ಹೋದ ಉದ್ದ ತಂತಿ ಹತ್ತು ಚೂಪು ತುಂಡಾಗಿ ಹೊರಬರುತ್ತದೆ ಎಂಬುದು ನೆನಪಿರಲಿ. ಕೊಟ್ಟಿಗೆಯ ಅಂಗಳಕ್ಕೆ ಚಕ್ರದ ಮೇಲಿನ ಆಯಸ್ಕಾಂತದ ಕೋಲು ಸಿಗುತ್ತದೆ. ಸಂಘದಲ್ಲಿ ಒಂದನ್ನು ಕೊಂಡು ಸರದಿಯಂತೆ ಬಳಸಿದರೂ ಸಾಕು. ತಾಮ್ರ, ಅಲ್ಯೂಮಿನಿಯಂ ಚೂರುಗಳಿಗೆ ಆಯಸ್ಕಾಂತ ಹತ್ತುವುದಿಲ್ಲ. ಆ ಕೊರತೆಯನ್ನು ಡಿಟೆಕ್ಟರ್ ತುಂಬುತ್ತದೆ.

ಯಂತ್ರ ಕೂಗಿತೆಂದು ಹಾರೆ, ಪಿಕಾಸಿ ಎತ್ತಬೇಡಿ. ಹಾರೆ ತಾಗಿದರೆ ತುಕ್ಕು ಹಿಡಿದ ತಂತಿ ಮುರಿದು ಒಂದು ನಾಲ್ಕಾಗುತ್ತದೆ. ಕಳೆ ತೆಗೆಯುವ ಕುರ್ಚಿಗೆಯಿಂದ ಸುತ್ತ ಕೆದಕಿ, ಮಣ್ಣನ್ನು ಪ್ಲಾಸ್ಟಿಕ್ ಬುಟ್ಟಿಗೆ ತುಂಬಿ ಮತ್ತೆ ಡಿಟೆಕ್ಟರ್ ಹಿಡಿಯಿರಿ. ಕಬ್ಬಿಣದ ಬಾಂಡ್ಲಿಗೆ ತುಂಬಿದರೆ ಬಾಂಡ್ಲಿಗೇ ಕೂಗುತ್ತದೆ. ಗುದ್ದಲಿ ಬೇಕಾಗುವುದು ಸೆಂಟ್ರಿಂಗ್ ಜಾಗದ ಮೇಲ್ಮಣ್ಣನ್ನು ಪೂರ್ತಿ ಹೆರೆದು ಜರಡಿ ಹಿಡಿಯುವಾಗ ಮಾತ್ರ. ಕೈಗೆ ದಪ್ಪ ಗವಸು ಇರಲಿ. ತುಕ್ಕು ಮೊಳೆ ಚುಚ್ಚಿದರೆ ಧನುರ್ವಾತದ ಚುಚ್ಚುಮದ್ದು ಹಾಕಿಸಿಕೊಳ್ಳಿ. ಡಿಟೆಕ್ಟರ್ ಮನೆಗೆ ಬಂತೆಂದರೆ ನಿಧಿಯ ಆಸೆಯೂ ಹಿಂದೆಯೇ ಬರುತ್ತದೆ. ನೆಲದಲ್ಲಿ ನಿಧಿ ಸಿಕ್ಕರೆ ಸರ್ಕಾರಕ್ಕೆ ತಿಳಿಸಲೇಬೇಕು, ಬಚ್ಚಿಟ್ಟರೆ ಅಪರಾಧ. ಹಳೆಯ ಗುಡಿ, ವೀರಗಲ್ಲಿನ ಸುತ್ತ ಅಗೆಯುವ ಗೊಡವೆಗಂತೂ ಹೋಗಬೇಡಿ.

ಇನ್ನು ರಾಸಿನ ಮೈಮೇಲೆ ಡಿಟೆಕ್ಟರ್ ಹಿಡಿಯುವ ವಿಚಾರ. ಪಶುವೈದ್ಯರು ಎಡಬದಿಯಲ್ಲಿ, ಮುಂಗಾಲಿನ ಮೊಣಕೈ ಹಿಂದೆ, ಎದೆಯ ಕೆಳಭಾಗದಲ್ಲಿ ಹಿಡಿದು ನೋಡುತ್ತಾರೆ. ಮೊದಲು ಕತ್ತಿನ ಸರಪಳಿ, ಗಂಟೆ ಬಿಚ್ಚಬೇಕು. ಕೂಗಿದ ಮಾತ್ರಕ್ಕೆ ಕಾಯಿಲೆ ಎಂದಲ್ಲ. ಚೆನ್ನಾಗಿ ಹಾಲು ಕೊಡುತ್ತಿರುವ ಎಷ್ಟೋ ಹಸುಗಳ ಹೊಟ್ಟೆಯಲ್ಲಿ ಕಬ್ಬಿಣ ಸುಮ್ಮನೆ ಬಿದ್ದಿರುತ್ತದೆ. ಲೋಹ ಇದೆಯೇ ಎಂದಷ್ಟೇ ಯಂತ್ರ ಹೇಳುತ್ತದೆ, ಚುಚ್ಚಿದೆಯೇ ಎಂದು ಹೇಳಲಾರದು. ಅದಕ್ಕೇ ವೈದ್ಯರು ಹಿಣಿಲಿನ ಹಿಂದೆ ಬೆನ್ನು ಹಿಂಡಿ, ಎದೆಯಡಿ ಗಳ ಹಾಕಿ ಎತ್ತಿ, ನರಳುವಿಕೆ ಕೇಳುತ್ತಾರೆ. ಬೇಕಾದರೆ ಎಕ್ಸ್‌ರೇ, ಸ್ಕ್ಯಾನಿಂಗ್ ಮಾಡಿಸುತ್ತಾರೆ.

ಬೆರಳುದ್ದದ, ನುಣುಪಾದ ಆಯಸ್ಕಾಂತವನ್ನು ಪಡ್ಡೆ ವಯಸ್ಸಿನಲ್ಲೇ ನುಂಗಿಸಿದರೆ ಅದು ಎರಡನೆಯ ಹೊಟ್ಟೆಯಲ್ಲಿ ಜೀವಮಾನವಿಡೀ ಉಳಿದು, ಬಂದ ಕಬ್ಬಿಣವನ್ನು ಮೈಗೆ ಅಂಟಿಸಿಕೊಳ್ಳುತ್ತದೆ. ರಾಸುಗಳಿಗೆಂದೇ ಮಾಡಿದ್ದನ್ನು ವೈದ್ಯರಿಂದಲೇ ಹಾಕಿಸಿ. ಸ್ಪೀಕರಿನಿಂದ ಕಿತ್ತ ಬಳೆಯಾಕಾರದ್ದು ಒಡೆಯುತ್ತದೆ, ಅದನ್ನು ಹಾಕಬೇಡಿ. ಒಂದು ರಾಸಿಗೆ ಒಂದು ಸಾಕು. ಸಂತೆಯಲ್ಲಿ ಕೊಂಡ ಹಸುವಿಗೆ ಮೊದಲೇ ಹಾಕಿದ್ದಾರೆಯೇ ತಿಳಿಯಲು ಅದೇ ಜಾಗದಲ್ಲಿ ದಿಕ್ಸೂಚಿ ಹಿಡಿದು ನೋಡಿ. ಮುಳ್ಳು ಹೊರಳಿದರೆ ಒಳಗೆ ಆಯಸ್ಕಾಂತವಿದೆ.

ಮೇಲೆ ಹೇಳಿದ ಲಕ್ಷಣ ಕಂಡ ದಿನವೇ 1962ಕ್ಕೆ ಕರೆ ಮಾಡಿ, ಅಥವಾ ನಿಮ್ಮ ಪಶು ಆಸ್ಪತ್ರೆಗೆ ತಿಳಿಸಿ. ವೈದ್ಯರು ಬರುವವರೆಗೆ ರಾಸನ್ನು ಓಡಾಡಿಸದೆ, ಮುಂಗಾಲು ಅರ್ಧ ಅಡಿಯಷ್ಟು ಎತ್ತರದಲ್ಲಿರುವಂತೆ ಮಣ್ಣು ಹಾಕಿ ಕಟ್ಟಿ. ಬಾಯಿಗೆ ಎಣ್ಣೆ, ಕಷಾಯ ಹೊಯ್ಯಬೇಡಿ. ಬೇಗ ಸಿಕ್ಕರೆ ಆಯಸ್ಕಾಂತ ಮತ್ತು ಆ್ಯಂಟಿಬಯಾಟಿಕ್‌ನಲ್ಲೇ ಹಲವು ರಾಸು ಚೇತರಿಸುತ್ತವೆ; ಇಲ್ಲವಾದರೆ ಎಡ ಪಕ್ಕೆ ಕೊಯ್ದು ತಂತಿ ತೆಗೆಯುವ ಶಸ್ತ್ರಚಿಕಿತ್ಸೆಯಿದೆ, ಬೆಂಗಳೂರಿನ ಹೆಬ್ಬಾಳ ಪಶುವೈದ್ಯಕೀಯ ಕಾಲೇಜಿನಂಥ ಕಡೆ ಅದು ಆಗುತ್ತದೆ. ಹೆಕ್ಕಿದ ಮೊಳೆ, ತಂತಿಯನ್ನು ತಿಪ್ಪೆಗೆ ಎಸೆಯದೆ ಮುಚ್ಚಳವಿರುವ ಡಬ್ಬಿಯಲ್ಲಿ ಕೂಡಿಟ್ಟು ಗುಜರಿಯವರಿಗೆ ಹಾಕಿ.